ಪ್ಲೇಟಿನಲ್ಲಿ ಇದ್ದ ಹಾಗೆ

ಮಂಜುಳಮ್ಮನವರ ಮನೆಯ ಗೇಟಿಗೆ ಕೈ ಹಾಕುತ್ತಲೇ ನಂಜುಂಡಸ್ವಾಮಿಯ ಹುಬ್ಬು ಗಂಟಿಕ್ಕಿತು. ಪ್ರತಿ ಭಾನುವಾರ ಇದೇ ಗೋಳು. ಗೇಟು ಕಿರ್ ಅಂದ ಕೂಡಲೇ ಒಳಗಿನಿಂದ 'ಯಾರದೂ?' ಎಂಬ ಕೂಗು ಬರುತ್ತದೆ. ಎರಡು ತಿಂಗಳಿಂದ ಒಂಬತ್ತು ಗಂಟೆಗೆ ಸರಿಯಾಗಿ ಬರುವ ಪ್ರಾಣಿ ಇವನೊಬ್ಬನೇ ಎಂದು ಗೊತ್ತಿದ್ದೂ ಬರುತ್ತದೆ. ಇವನು 'ನಾನು' ಅನ್ನಬೇಕು. 'ನಾನು ಅಂದ್ರೆ?' ಅನ್ನಿಸಿಕೊಳ್ಳಬೇಕು. 'ನಂಜುಂಡಸ್ವಾಮಿ, ಪ್ಲೇಟು ಕೇಳೋಕೆ' ಎಂದು ಚಾಮರಾಜಪುರಂನ ಆ ಬೀದಿಗೆಲ್ಲ ಕೇಳುವ ಹಾಗೆ ಸಾರಬೇಕು. ಆಮೇಲೆ ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು, ಹಾಲಿನ ಬೆಂಚಿನ ತುದಿಯಲ್ಲಿ ಕೂತು, ಅವರು ಹಾಡಿನ ಪ್ಲೇಟು ತಿರುಗಿಸುವ ಆ ದೊಡ್ಡ ರೇಡಿಯೋಗ್ರಾಮಿನ ಮೇಲಿಂದ ಒಂದೊಂದೇ ಸಾಮಾನು ಇಳಿಸುವುದನ್ನು ನೋಡಬೇಕು. ಮೊದಲು ಮನೆಯ ಯಜಮಾನರಾದ ಮಹದೇವಪ್ಪನವರು ಅಮಲ್ದಾರಿಕೆಯಿಂದ ನಿವೃತ್ತರಾದ ದಿನದ ಫೋಟೋ, ಆಮೇಲೆ ಪ್ಲಾಸ್ಟಿಕ್ ಗುಲಾಬಿಯ ಕುಂಡ, ಆಮೇಲೆ ಮಗಳು ಹೆಣೆದ ಕ್ರೋಶದ ಹೊದಿಕೆ. ಬೊಂಬಾಯಿಯ ದೊಡ್ಡ ದೊಡ್ಡ ವಾದ್ಯಗಾರರೆಲ್ಲ ಬಂದು ನುಡಿಸಿಹೋಗುವ ಪೆಟ್ಟಿಗೆ ಈ ಮನೆಯವರಿಗೆ ಫೋಟೋ ಇಡುವ ಮೇಜು. ಥೂ, ಇಂಥವರ ಕೈಗೇ ಇಂಥ ವಸ್ತು ಸಿಗುತ್ತದಲ್ಲ, ಎಂದು ಅವನು ಪ್ರತಿ ವಾರವೂ ಅಂದುಕೊಳ್ಳುತ್ತಿದ್ದ, ಮತ್ತು ಪ್ರತಿ ವಾರವೂ ಮುಖದ ಮೇಲೆ ಒಂದು ವಿನಯದ ನಗೆಯನ್ನು ಅಂಟಿಸಿಕೊಂಡು ಕೂತಿರುತ್ತಿದ್ದ.

ಅವನಿಗೆ ಬೇಕಾಗಿದ್ದದ್ದು ಬರೀ ಇಪ್ಪತ್ತೆರಡು ಸೆಕೆಂಡು. ಒಂದು ಹಿಂದಿ ಹಾಡಿನಲ್ಲಿ, ಎರಡನೆಯ ಚರಣಕ್ಕೆ ಮುಂಚೆ ಬರುವ ಗಿಟಾರಿನ ತುಣುಕು. ಅವನು ಗಿಟಾರು ನುಡಿಸುವ ಹಾಡಿನ ಪಾರ್ಟಿಯವರ ಭಾಷೆಯಲ್ಲಿ ಅದಕ್ಕೆ 'ಬಿಟ್ಟು'. ಆ ಬಿಟ್ಟನ್ನು ಕೇಳಬೇಕಾದರೆ ಹಾಡನ್ನು ಮೊದಲಿನಿಂದ ಕೇಳಬೇಕು, ಏಕೆಂದರೆ ಮುಳ್ಳನ್ನು ನಡುವೆ ಇಟ್ಟರೆ ಪ್ಲೇಟು ಹಾಳಾಗುತ್ತದೆ ಎಂಬುದು ಮಂಜುಳಮ್ಮನವರ ಕಾನೂನು. ಗಿಟಾರನ್ನು ಮನೆಯೊಳಕ್ಕೆ ತರಕೂಡದು ಎಂಬುದು ಇನ್ನೊಂದು. ಪೂಜೆಯ ಹೊತ್ತಿನಲ್ಲಿ ತಂತಿ ಕೆರೆಯುವುದು ಬೇಡವಂತೆ. ನಾಲ್ಕು ಸಲ ಹಾಕುತ್ತಿದ್ದರು, ಐದನೆಯದಕ್ಕೆ ಅಡುಗೆ ಮನೆಯ ನೆನಪಾಗುತ್ತಿತ್ತು. ಇವನು ಕೇಳಿದ್ದನ್ನು ಸರಿಗಮದಲ್ಲಿ ಗೀಚಿಕೊಂಡು, ಉಳಿದದ್ದನ್ನು ಬಾಯಲ್ಲಿ ಗುನುಗುತ್ತ, ಅಂಗೈಯಲ್ಲಿ ಮಜ್ಜಿಗೆ ಹಿಡಿದು ಹೊರಟವನ ಹಾಗೆ, ಯಾರಾದರೂ ಮಾತಾಡಿಸಿದರೆ ಎಲ್ಲಿ ಚೆಲ್ಲಿಹೋಗುತ್ತದೋ ಎಂದು ತಲೆ ತಗ್ಗಿಸಿ ಕೃಷ್ಣಮೂರ್ತಿಪುರಂನ ತನ್ನ ಮನೆಯವರೆಗೆ ನಡೆಯುತ್ತಿದ್ದ. ಹೀಗೆ ಎಂಟು ಭಾನುವಾರ. ಬೆರಳ ತುದಿಗಳು ಸೀಳಿದ್ದವು. ಆಫೀಸಿನಲ್ಲಿ ಸಾಹೇಬರು ಡಿಕ್ಟೇಷನ್ ಕೊಡುವಾಗ ಮೇಜಿನ ಕೆಳಗೆ ಎಡಗೈಯ ಬೆರಳುಗಳು ಫೈಲಿನ ಅಂಚಿನ ಮೇಲೆ ಓಡುತ್ತಿದ್ದವು. ಆ ಸಾಹೇಬನಿಗೆ, ಆ ಆಫೀಸಿಗೆ, ತನ್ನ ಪಕ್ಕದಲ್ಲಿ ಕೂತು ಕಡಲೆಕಾಯಿ ತಿನ್ನುವ ಗುಮಾಸ್ತರಿಗೆ ಇವನು ಏನು ಹೊತ್ತು ತಿರುಗುತ್ತಿದ್ದಾನೆಂದು ಗೊತ್ತೇ ಇರಲಿಲ್ಲ. ಗೊತ್ತಾಗುವ ಯೋಗ್ಯತೆಯೂ ಅವರಿಗಿಲ್ಲ.

ಬಿಟ್ಟಿನ ನಡುವೆ ಒಂದು ಜಾಗವಿತ್ತು. ಸ್ವರಗಳು ಮೆಟ್ಟಿಲು ಹತ್ತಿ ಹತ್ತಿ ಮೇಲೆ ಹೋಗಿ, ಇನ್ನೇನು ಅಲ್ಲಿ ಒಂದು ಗಳಿಗೆ ನಿಲ್ಲಬೇಕು ಅನ್ನುವಾಗ 'ಟಕ್' ಎಂದು ಒಂದು ಸದ್ದು, ಡ್ರಮ್ಮಿನ ಅಂಚಿಗೆ ಕೋಲು ತಾಗಿಸಿದ ಹಾಗೆ, ಮತ್ತು ಮುಂದಿನ ಸಾಲು ತನ್ನ ಹೊತ್ತಿಗೆ ಮೊದಲೇ ದುಮುಕಿಬಿಡುತ್ತಿತ್ತು. ಮೊದಲ ದಿನ ಅದನ್ನು ಕೇಳಿದಾಗ ನಂಜುಂಡಸ್ವಾಮಿಗೆ ಮೈ ಜುಂ ಅಂದಿತ್ತು. ಬೆರಳು ಮಡಿಸಿ ಎಣಿಸಿದ್ದ, ಮತ್ತೆ ಎಣಿಸಿದ್ದ. ಒಂದೂವರೆ ಎಣಿಕೆಯನ್ನು ಗುಳುಂ ಮಾಡಿದ್ದಾನೆ, ಆ ಬೊಂಬಾಯಿಯ ಮಹಾನುಭಾವ! ಒಂದಲ್ಲ, ಎರಡಲ್ಲ, ಒಂದೂವರೆ. ಪ್ಲೇಟಿನ ಮೇಲೆ ಅವನ ಹೆಸರಿಲ್ಲ. ಹಾಡಿದವರದ್ದು, ಬರೆದವರದ್ದು ಇದೆ, ನುಡಿಸಿದವನದ್ದಿಲ್ಲ. ಆ ಹೆಸರಿಲ್ಲದವನೂ ತಾನೂ ಒಂದೇ ಜಾತಿ ಎಂದು ನಂಜುಂಡಸ್ವಾಮಿಗೆ ಅನ್ನಿಸಿತ್ತು. ಊರಿಗೆ ಊರೇ ಆ ಹಾಡನ್ನು ಹೋಟೆಲುಗಳಲ್ಲಿ ದೋಸೆ ಮುರಿಯುತ್ತ ಕೇಳುತ್ತದೆ. ಆ ನುಂಗಿದ ಒಂದೂವರೆ ಎಣಿಕೆ ಗೊತ್ತಿರುವುದು ಭೂಮಿಯ ಮೇಲೆ ಇಬ್ಬರಿಗೆ. ಅದಕ್ಕೆ ಅವನೇ 'ನುಂಗು' ಎಂದು ಹೆಸರಿಟ್ಟ, ಪಾರ್ಟಿಯವರೂ ಹಾಗೇ ಕರೆಯತೊಡಗಿದರು.

ಪಾರ್ಟಿ ಅಂದರೆ ರುದ್ರಸ್ವಾಮಿಯ ಮೆಲೊಡಿ ಪಾರ್ಟಿ. ಈ ರುದ್ರಸ್ವಾಮಿ ಬನ್ನಿಮಂಟಪದಲ್ಲಿ ಸೈಕಲ್ ಷಾಪು ಇಟ್ಟವನು, ಹಗಲೆಲ್ಲ ಪಂಕ್ಚರ್ ಹಾಕಿ ಸಂಜೆಗೆ ಕೈ ತೊಳೆದು ಹಾಡುಗಾರನಾಗುವವನು. ಹಾಡುವುದೋ, ಎಲ್ಲ ಮೂಗಿನಲ್ಲೇ. ಹಿಂದಿ ಹಾಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಒಂದಕ್ಷರದ ಅರ್ಥ ಗೊತ್ತಿಲ್ಲದೆ, ಹೆಂಡತಿ ಸತ್ತವನ ಹಾಡಿಗೂ ಕಣ್ಣು ಮಿಟುಕಿಸಿ ಹಾಡುತ್ತಾನೆ. ಅಕಾರ್ಡಿಯನ್ನಿನವನು ಕಣ್ಣು ಮುಚ್ಚಿ ನುಡಿಸುತ್ತಾನೆ, ಭಾವಾವೇಶವಲ್ಲ, ಯಾರೂ ಕೇಳುತ್ತಿಲ್ಲ ಅನ್ನುವುದು ಕಾಣದಿರಲಿ ಎಂದು. ಇನ್ನು ಡ್ರಮ್ಮು, ಬೋಂಗೋ ಎಲ್ಲ ನೋಡಿಕೊಳ್ಳುವ ಹುಚ್ಚಯ್ಯ. ಸಾಮಿಲ್ಲಿನಲ್ಲಿ ಮರ ಕೊಯ್ಯುವ ಕೆಲಸ. ಮದುವೆ ಸೀಸನ್ನಿನಲ್ಲಿ ಕೆಂಪು ಕೋಟು ತೊಟ್ಟು ಬ್ಯಾಂಡ್‌ಸೆಟ್ಟಿನ ಜೊತೆ ರಸ್ತೆಯಲ್ಲಿ ಬಾರಿಸಿಕೊಂಡು ಹೋಗುತ್ತಾನೆ. ಅವನಪ್ಪ ಬೀರೇದೇವರ ಮುಂದೆ ಡೊಳ್ಳು ಬಡಿಯುತ್ತಿದ್ದನಂತೆ. ಅದನ್ನು ಕೇಳಿದವರಿಗೂ ಹೇಳುತ್ತಾನೆ, ಕೇಳದವರಿಗೂ ಹೇಳುತ್ತಾನೆ. ಇಂಥವರ ನಡುವೆ ತಾನು. ನಂಜುಂಡಸ್ವಾಮಿಗೆ ಅದು ಒಂದು ಶಿಕ್ಷೆಯ ಹಾಗೆ ಕಾಣುತ್ತಿತ್ತು, ಒಂದು ಪದವಿಯ ಹಾಗೂ ಕಾಣುತ್ತಿತ್ತು.

ಸೈಕಲ್ ಷಾಪಿನ ಹಿಂದಿನ ರಿಹರ್ಸಲ್ ಶೆಡ್ಡಿನಲ್ಲಿ ನುಂಗನ್ನು ಮೊದಲ ಸಲ ಹೇಳಿಕೊಟ್ಟ ದಿನ ಹುಚ್ಚಯ್ಯ ಕೋಲುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದ್ದ: 'ಸಾರ್, ಅಲ್ಲಿ ಅಂಗೆ ಬರಲ್ಲ ಸಾರ್. ಈ ಪಿಚ್ಚರ್ನ ಐದು ಸಲ ನೋಡಿವ್ನಿ. ಸರಾಗ ಓಯ್ತದೆ.' ಎಲ್ಲರೂ ಇವನ ಕಡೆ ನೋಡಿದ್ದರು. ಇವನು ಗಿಟಾರನ್ನು ಮೆಲ್ಲಗೆ ಪಕ್ಕಕ್ಕಿಟ್ಟು, 'ಅಂಗೆ ಅಲ್ಲ ಕಣಯ್ಯ, ಹಾಗೆ. ಎಲ್ಲಿ, ಹಾಗೆ ಅನ್ನು' ಎಂದಿದ್ದ. ಶೆಡ್ಡು ಗೊಳ್ಳೆಂದು ನಕ್ಕಿತು. ಹುಚ್ಚಯ್ಯನೂ ನಕ್ಕು, 'ಹ್ಹಾಗೆ' ಅಂದ, ಇನ್ನೊಮ್ಮೆ ನಕ್ಕರು. ಎಣಿಕೆಯ ಮಾತು ಅಲ್ಲಿಗೆ ಮುಗಿದೇಹೋಯಿತು. ಆಮೇಲೆ ನಂಜುಂಡಸ್ವಾಮಿ ದೊಡ್ಡ ಮನಸ್ಸು ಮಾಡಿ ವಿವರಿಸಿದ್ದ: 'ಸಿನಿಮಾದಲ್ಲಿ ರೀಲನ್ನ ಕತ್ತರಿಸಿ ಅಂಟಿಸಿರ್ತಾರೆ. ಟಾಕೀಸಿನ ಆಪರೇಟರೂ ಕತ್ತರಿಸ್ತಾನೆ. ರೇಡಿಯೋದಲ್ಲಿ ಗಾಳಿ, ಗುಡುಗು. ಪ್ಲೇಟು ಒಂದೇ ಪ್ರಮಾಣ. ಪ್ಲೇಟಿನಲ್ಲಿ ಇದ್ದ ಹಾಗೆ ಬರಬೇಕು.' ಅಂದಿನಿಂದ ಎಂಟು ವಾರ ಹುಚ್ಚಯ್ಯ ಆ ಜಾಗದಲ್ಲಿ ಮುಗ್ಗರಿಸಿದ. ಅವನ ಕೈ ತನ್ನಷ್ಟಕ್ಕೆ ನಾಲ್ಕು ತುಂಬಿಸಿಯೇ ಮುಂದೆ ಹೋಗುತ್ತಿತ್ತು. ಒಂದು ದಿನ ನಂಜುಂಡಸ್ವಾಮಿ ಅವನ ಕೈಯಿಂದ ಕೋಲು ಕಿತ್ತುಕೊಂಡು, ಶಾಲೆಯ ಹುಡುಗನಂತೆ ಎದ್ದು ನಿಲ್ಲಿಸಿ ಚಪ್ಪಾಳೆಯಲ್ಲಿ ಎಣಿಕೆ ಹಾಕಿಸಿದ. ನಲವತ್ತು ದಾಟಿದ ಮನುಷ್ಯ, ಮರದ ಹೊಟ್ಟು ಅಂಟಿದ ಕೈಯಲ್ಲಿ ಚಪ್ಪಾಳೆ ತಟ್ಟುತ್ತ, ತಪ್ಪುತ್ತ, ಮತ್ತೆ ತಟ್ಟುತ್ತ ನಿಂತಿದ್ದ. ಹೋದ ಭಾನುವಾರ ನಂಜುಂಡಸ್ವಾಮಿ ರುದ್ರಸ್ವಾಮಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಗಣೇಶನ ಪೆಂಡಾಲಿನ ಪ್ರೋಗ್ರಾಮಿನ ದಿನ ಮೂರು ಗಂಟೆಯ ರಿಹರ್ಸಲಿನಲ್ಲಿ ನುಂಗು ಬರಲಿಲ್ಲವೋ, ಹುಚ್ಚಯ್ಯ ಹೊರಗೆ, ಇಲ್ಲದಿದ್ದರೆ ನಾನು ಹೊರಗೆ. ಆ ದಿನ ಇವತ್ತು.

'ಬನ್ನಿ ಬನ್ನಿ, ಇವತ್ತು ನಿಮಗೊಂದು ಸಂತೋಷದ ಸುದ್ದಿ' ಎಂದರು ಮಂಜುಳಮ್ಮ, ಫೋಟೋವನ್ನು ಇಳಿಸುತ್ತ. 'ನಿನ್ನೆ ನಮ್ಮನೆಯವರು ಹೊಸ ಪ್ಲೇಟು ತಂದ್ರು. ಅದೇ ಹಾಡು ಕಣ್ರೀ. ಹಳೇದನ್ನ ಆಷಾಢಕ್ಕೆ ಬಂದಿದ್ದ ಮೂರು ವರ್ಷದ ಮೊಮ್ಮಗಳು ಹೇರ್‌ಪಿನ್ನಲ್ಲಿ ಗೀರಿಟ್ಟಿದ್ಲಲ್ಲ, ನಡುಮಧ್ಯ ಟಕ್ ಅಂತ ಎಗರ್ತಿತ್ತು. ನನಗಂತೂ ಪ್ರಾಣ ಹೋದಂಗಾಗೋದು. ಪಾಪ, ನೀವು ಒಂದು ದಿನವಾದ್ರೂ ಬಾಯಿಬಿಟ್ಟು ಹೇಳಿದ್ರಾ? ನಾನೇ ಅಂದೆ ಇವರ ಹತ್ರ, ಆ ಹುಡುಗ ಸಂಕೋಚಕ್ಕೆ ಸುಮ್ನಿದ್ದಾನೆ, ಸಂಗೀತಗಾರರ ಕಿವಿಗೆ ಗೊತ್ತಾಗ್ದೆ ಇರುತ್ಯೇ ಅಂತ.'

'ಗೊತ್ತಾಗಿತ್ತು' ಎಂದ ನಂಜುಂಡಸ್ವಾಮಿ. ಆ ಮಾತು ತಾನಾಗಿ ಬಂತು, ಸಲೀಸಾಗಿ ಬಂತು. ಅವರು ಪ್ಲೇಟನ್ನು ಸೆರಗಿನಿಂದ ಒರೆಸಿ ಮುಳ್ಳು ಇಟ್ಟರು. ಹಾಡು ಶುರುವಾಯಿತು, ಮೊದಲ ಚರಣ ಹೋಯಿತು, ಬಿಟ್ಟು ಬಂತು. ಸ್ವರಗಳು ಮೆಟ್ಟಿಲು ಹತ್ತಿದವು. ಮೇಲೆ ಹೋಗಿ ನಿಂತವು. ಎಲ್ಲ ಹಾಡುಗಳಲ್ಲಿ ಎಲ್ಲರೂ ನಿಲ್ಲುವ ಹಾಗೆ ನಾಲ್ಕು ತುಂಬುವವರೆಗೆ ನಿಂತು, ಮರ್ಯಾದೆಯಿಂದ ಕೆಳಗಿಳಿದವು. ಟಕ್ ಇಲ್ಲ, ದುಮುಕುವುದಿಲ್ಲ, ಏನೂ ಇಲ್ಲ. ನಂಜುಂಡಸ್ವಾಮಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು, ಅದೂ ಆ ಬೊಂಬಾಯಿಯವನ ಮೇಲೆ. ಇಷ್ಟೇ ಏನೋ ನೀನು? ಇಷ್ಟಕ್ಕೆ ನಾನು ಎಂಟು ವಾರ ಈ ಬೆಂಚಿನ ತುದಿಯಲ್ಲಿ ಕೂತೆನೇ? ಆ ಹೆಸರಿಲ್ಲದವನು ಒಮ್ಮೆಗೇ ಯಾವುದೋ ಗುಮಾಸ್ತನಾಗಿ, ಕೊಟ್ಟ ಕೆಲಸವನ್ನು ಕೊಟ್ಟ ಹಾಗೆ ಮುಗಿಸಿ ಕೈ ಒರೆಸಿಕೊಂಡು ಮನೆಗೆ ಹೋದವನಾಗಿ ಕಂಡ. ಮಹಾನುಭಾವನಂತೆ! ಪ್ರತಿಭೆ ತೋರಿಸಿದವಳು ಒಂದು ಮೂರು ವರ್ಷದ ಹೆಣ್ಣು ಮಗು, ಹೇರ್‌ಪಿನ್ ಹಿಡಿದು. 'ಈಗ ಎಷ್ಟು ಚೆನ್ನಾಗಿದೆ ಅಲ್ವಾ?' ಎಂದು ಮಂಜುಳಮ್ಮ ಇನ್ನೊಮ್ಮೆ ಹಾಕಿದರು. ಸಂತೋಷಕ್ಕೆ ಐದನೆಯ ಸಲವೂ ಹಾಕಿದರು. ತಟ್ಟೆಯಲ್ಲಿ ಉಪ್ಪಿಟ್ಟು ತಂದುಕೊಟ್ಟರು. ಅವನು ಪೂರ್ತಿ ತಿಂದ, ಚೆನ್ನಾಗಿದೆ ಎಂದೂ ಹೇಳಿದ.

ಹೊರಗೆ ಬಂದು ನಡೆಯುತ್ತಿರುವಾಗ ಒಂದು ವಾಕ್ಯ ಸಿದ್ಧವಾಗತೊಡಗಿತು. ಹುಚ್ಚಯ್ಯ, ಪ್ಲೇಟಿಗೆ ಗೀರು ಬಿದ್ದಿತ್ತಂತೆ ಕಣಯ್ಯ, ನೀನು ಹೇಳಿದ್ದೇ ಸರಿ. ಇಷ್ಟೇ. ಎಲೆ ಅಡಿಕೆ ಹಾಕಿಕೊಂಡಷ್ಟು ಹೊತ್ತಿನಲ್ಲಿ ಹೇಳಿ ಮುಗಿಸಬಹುದು. ಆದರೆ 'ನೀನು ಹೇಳಿದ್ದೇ ಸರಿ' ಅನ್ನುವಲ್ಲಿಗೆ ಬಂದಾಗ ನಾಲಿಗೆ ಬೇರೆ ದಾರಿ ಹಿಡಿಯುತ್ತಿತ್ತು. 'ನೀನು ಹೇಳಿದ್ದೂ ಸರಿ' ಎಂದು ಮಾಡಿದ. 'ನೀನು ಹೇಳಿದ್ದರಲ್ಲೂ ಸ್ವಲ್ಪ ಸರಿ ಇದೆ' ಎಂದು ಮಾಡಿದ. ಆಮೇಲೆ ಅವನು ನಗುತ್ತಾನೆ. ನಗದಿದ್ದರೆ ಇನ್ನೂ ಕಷ್ಟ. ಓಗ್ಲಿ ಬುಡಿ ಸಾರ್, ಅನ್ನುತ್ತಾನೆ, ಆ ಎಲೆ ಅಡಿಕೆಯ ಕೆಂಪು ಹಲ್ಲು ತೋರಿಸಿ ಕ್ಷಮಿಸುತ್ತಾನೆ. ಸಾಮಿಲ್ಲಿನವನಿಂದ ಕ್ಷಮೆ ಪಡೆದುಕೊಳ್ಳುವುದಕ್ಕಿಂತ ಆಫೀಸಿನ ಸಾಹೇಬನಿಂದ ಉಗಿಸಿಕೊಳ್ಳುವುದೇ ವಾಸಿ. ಆ ಟಕ್! ಗೀರು ಬಿದ್ದ ಸದ್ದನ್ನು ಡ್ರಮ್ಮಿನ ಅಂಚಿನಲ್ಲಿ ಹೊಡೆಸಿದ್ದೇನಲ್ಲ, 'ಇನ್ನೂ ಗಟ್ಟಿಯಾಗಿ, ಒಣಗಿದ ಹಾಗೆ ಬರಬೇಕು' ಎಂದು ಹೊಡೆಸಿದ್ದೇನಲ್ಲ. ನಂಜುಂಡಸ್ವಾಮಿಗೆ ನಡುರಸ್ತೆಯಲ್ಲಿ ಕಿವಿ ಬಿಸಿಯಾಯಿತು.

ಮನೆಯಲ್ಲಿ ಹೆಂಡತಿ ದೇವಿರಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು. ಅವನು ಗಿಟಾರು ಎತ್ತಿಕೊಂಡು ಗೋಡೆಗೆ ಮುಖ ಮಾಡಿ ಕೂತ. ತಲೆಗೆ ಗೊತ್ತಿತ್ತು; ಹತ್ತು, ನಿಲ್ಲು, ನಾಲ್ಕು ತುಂಬಿಸು, ಇಳಿ. ಬೆರಳುಗಳಿಗೆ ಗೊತ್ತಿರಲಿಲ್ಲ. ಅವು ಎಂಟು ವಾರ ಕಲಿತದ್ದನ್ನು ನಂಬಿಕೊಂಡು ಕೂತಿದ್ದವು. ಮೇಲೆ ಮುಟ್ಟಿದ ಕೂಡಲೇ ಎಗರುತ್ತಿದ್ದವು. ಹಲ್ಲು ಕಚ್ಚಿ ಹಿಡಿದ, ಎಗರಿತು. ಕಾಲಲ್ಲಿ ನೆಲ ತಟ್ಟಿ ಎಣಿಸಿದ, ಕಾಲೂ ಜೊತೆಗೆ ಎಗರಿತು. ಇಪ್ಪತ್ತು ಸಲಕ್ಕೆ ಒಂದು ಸಲ ನಿಂತಿತು. ಆಗ ದೇವಿರಮ್ಮ ಮೊರದಿಂದ ತಲೆಯೆತ್ತಿ, 'ಈ ಸಲ ಎಡವಲಿಲ್ಲ ಕಣ್ರೀ' ಅಂದಳು.

'ಎಡವೋದು ಅಂದ್ರೆ?'

'ಅದೇ, ಅಲ್ಲೊಂದು ಕಡೆ ದಿನಾ ಎಡವ್ತಿದ್ರಲ್ಲ.'

'ಎರಡು ತಿಂಗಳಿಂದ ಕೇಳ್ತಿದ್ದೀಯ, ಒಂದು ದಿನ ಹೇಳಿದ್ದೀಯ ನೀನು?'

'ಹೇಳಿದ್ರೆ ಸುಮ್ನಿರ್ತಿದ್ರಾ? ನಂಗೇನು ಗೊತ್ತು ಬುಡಿ, ನೀವು ಕಲಿತಿರೋರು' ಎಂದು ಅವಳು ಒಂದು ಕಲ್ಲನ್ನು ಆರಿಸಿ ಬಾಗಿಲಾಚೆ ಎಸೆದಳು. ಹಳ್ಳಿಯಿಂದ ಬಂದು ಆರು ವರ್ಷವಾದರೂ ಹಾಡು ಅಂದರೆ ಸೋಬಾನೆ ಅಂದುಕೊಂಡಿರುವವಳು. ಅವಳ ಕಿವಿಗೂ ಬಿದ್ದಿತ್ತು. ಮಂಜುಳಮ್ಮನ ಕಿವಿಗೆ, ಹುಚ್ಚಯ್ಯನ ಕಿವಿಗೆ, ಇವಳ ಕಿವಿಗೆ, ಲೋಕದ ಕಿವಿಗೆಲ್ಲ ಬಿದ್ದದ್ದು ಇವನೊಬ್ಬನ ಕಿವಿಗೆ ಬೀಳಲಿಲ್ಲ. ಇವನ ಕಿವಿಗೆ ಬಿದ್ದದ್ದು ಇನ್ಯಾರಿಗೂ ಬೀಳಲಿಲ್ಲ ಎಂದು ಇವನು ಮೀಸೆ ತಿರುವಿದ.

ಗಿಟಾರನ್ನು ಹಳೆಯ ಜಮಖಾನದಲ್ಲಿ ಸುತ್ತಿ ಬೆನ್ನಿಗೆ ಬಿಗಿದುಕೊಂಡು ಸೈಕಲ್ ಹತ್ತಿದಾಗ ಎರಡೂವರೆ. ಸಯ್ಯಾಜಿರಾವ್ ರಸ್ತೆಯ ಉದ್ದಕ್ಕೂ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಪೆಡಲು ತುಳಿಯುತ್ತ ಹಳೆಯದೊಂದು ನೆನಪಾಯಿತು: ಮಾಧ್ಯಮಿಕ ಶಾಲೆಗೆಂದು ಹಳ್ಳಿಯಿಂದ ಬಂದ ವರ್ಷ, ಮೇಷ್ಟ್ರು ಓದು ಎಂದರು, ಇವನು ಎದ್ದು ನಿಂತು 'ಅಳ್ಳಿಯ ಅಸುವಿನ ಆಲು' ಎಂದು ಓದಿದ. ಮೇಷ್ಟ್ರು ಬೈಯಲಿಲ್ಲ, ಹೊಡೆಯಲಿಲ್ಲ. ಪುಸ್ತಕ ಮಡಚಿ, 'ಇನ್ನೊಂದ್ಸಲ ಓದಪ್ಪ, ಚೆನ್ನಾಗಿದೆ' ಎಂದರು. ಇವನು ನಿಜವೆಂದು ನಂಬಿ ಇನ್ನೂ ಗಟ್ಟಿಯಾಗಿ ಓದಿದ. ಮೂರನೆಯ ಸಲ ಓದಿಸಿದಾಗ, ಇಡೀ ಕ್ಲಾಸು ಬೆಂಚಿಗೆ ತಲೆ ಒತ್ತಿ ನಗುತ್ತಿರುವಾಗ, ಅರ್ಥವಾಯಿತು. ಆಮೇಲೆ ಕೆರೆಯ ಏರಿಯ ಮೇಲೆ ಒಬ್ಬನೇ ಕೂತು ಹ, ಹ, ಹ ಎಂದು ಉಸಿರು ಹೋಗುವವರೆಗೆ ಅಭ್ಯಾಸ ಮಾಡಿದ್ದ. ರಜಕ್ಕೆ ಮನೆಗೆ ಹೋದಾಗ ಅವ್ವ ಕೆಂಚಮ್ಮ 'ಅಸು ಕರೀತೀನಿ, ಚೆಂಬು ತತ್ತಾರೋ' ಅಂದರೆ 'ಹಸು ಅನ್ನವ್ವ' ಎಂದು ಗದರಿಸಿದ್ದ. ಅವಳು ಚೆಂಬನ್ನು ತಾನೇ ಎತ್ತಿಕೊಂಡು ಹೋಗಿದ್ದಳು. ಈಗಲೂ ಸಿಟ್ಟು ಬಂದಾಗ ಮೊದಲು ಹ ಸರಿಯಾಗಿದೆಯೇ ನೋಡಿಕೊಂಡು ಆಮೇಲೆ ಬೈಯುತ್ತಾನೆ.

ಬನ್ನಿಮಂಟಪ ಹತ್ತಿರವಾದಾಗ ಒಂದು ಉಪಾಯ ಹೊಳೆಯಿತು, ಹೊಳೆದದ್ದೇ ಎದೆ ಹಗುರವಾಯಿತು. ತಪ್ಪು ಒಪ್ಪಿಕೊಳ್ಳುವುದು ಯಾಕೆ? ದಯೆ ತೋರಿಸಿದರಾಯಿತು. 'ಹುಚ್ಚಯ್ಯ, ನಿನಗೆ ಕಷ್ಟವಾಗ್ತಿದೆ, ನಿನ್ನ ಹೊಟ್ಟೆಯ ಮೇಲೆ ಹೊಡೆಯೋದು ನನಗಿಷ್ಟವಿಲ್ಲ. ನುಂಗು ಬೇಡ, ಬಿಟ್ಟುಬಿಡೋಣ, ನೇರವಾಗೇ ಬಾರಿಸು' ಅನ್ನುವುದು. ಅವನು ಕೈ ಮುಗಿಯುತ್ತಾನೆ. ಬಿಟ್ಟು ಸರಿಯಾಗುತ್ತದೆ, ಹುಚ್ಚಯ್ಯ ಉಳಿಯುತ್ತಾನೆ, ನಂಜುಂಡಸ್ವಾಮಿ ದೊಡ್ಡವನಾಗುತ್ತಾನೆ. ಎಂಥ ತಲೆ ನಿನ್ನದು ಎಂದು ತನಗೆ ತಾನೇ ಹೇಳಿಕೊಂಡ. ಅದರ ಬೆನ್ನಿಗೇ, ಎಂಥ ಲಫಂಗ ನೀನು ಎಂದೂ ಅನ್ನಿಸಿತು. ಪೆಡಲು ತುಳಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಸೈಕಲ್ ಷಾಪಿನ ಹಿಂದಿನ ಶೆಡ್ಡಿನ ಬಾಗಿಲು ದಾಟಿದನೋ ಇಲ್ಲವೋ, ಹುಚ್ಚಯ್ಯ ಸ್ಟೂಲಿನಿಂದ ಎದ್ದು ಓಡಿಬಂದ. 'ಬಂತು ಸಾರ್! ಬಂದ್ಬುಡ್ತು!' ಮುಖವೆಲ್ಲ ಬಾಯಿಯಾಗಿತ್ತು. 'ಮಿಲ್ಲಲ್ಲಿ ದಿಮ್ಮಿ ಮೇಲೆ ಕುಟ್ಟಿ ಕುಟ್ಟಿ ಕಲಿತೆ ಸಾರ್. ಅಲ್ಲಿರೋರೆಲ್ಲ ಇವನಿಗೆ ಗಾಳಿ ಮೆಟ್ಕೊಂಡದೆ ಅಂದ್ರು. ನೋಡಿ ಸಾರ್, ಇಲ್ನೋಡಿ.' ಓಡಿಹೋಗಿ ಕೂತು ಬಾರಿಸಿದ. ಬಂತು. ಹತ್ತಿ, ಟಕ್, ದುಮುಕಿ, ಒಂದೂವರೆ ಎಣಿಕೆ ನುಣ್ಣಗೆ ನುಂಗಿ, ಕೂದಲೆಳೆಯಷ್ಟೂ ಆಚೀಚೆಯಾಗದೆ ಬಂತು. ಆ ಟಕ್ ಎಷ್ಟು ಒಣಗಿ ಬಂತೆಂದರೆ ಮಂಜುಳಮ್ಮನವರ ಹಾಲಿನಲ್ಲಿ ಕೂತು ಕೇಳಿದ ಹಾಗಿತ್ತು. ಅಕಾರ್ಡಿಯನ್ನಿನವನು ಕಣ್ಣು ತೆರೆದು ಶಹಬ್ಬಾಸ್ ಅಂದ. ರುದ್ರಸ್ವಾಮಿ ಕೈಯ ಗ್ರೀಸು ಒರೆಸುತ್ತ, 'ಏನ್ರೀ ಸ್ವಾಮಿ, ಇನ್ನೇನು ತಕರಾರಿಲ್ಲವಲ್ಲ? ನಮ್ ಹುಚ್ಚಯ್ಯ ಉಳ್ಕೊಂಡ' ಎಂದ.

'ಅಲ್ಲ' ಎಂದ ನಂಜುಂಡಸ್ವಾಮಿ. 'ನಾನು ಯೋಚನೆ ಮಾಡಿದೆ. ನುಂಗು ಬೇಡ. ಪೆಂಡಾಲಿನ ಜನಕ್ಕೆ ಅದೆಲ್ಲ ಅರ್ಥವಾಗಲ್ಲ. ನೇರವಾಗೇ ಹೋಗೋಣ.'

ಹುಚ್ಚಯ್ಯನ ಮುಖ ಸಣ್ಣದಾಯಿತು. 'ಯಾಕೆ ಸಾರ್? ಈಗ ಬಂದದಲ್ಲ ಸಾರ್. ಬರದೆ ಇದ್ದಾಗ ಉಗುದ್ರಿ, ಉಗುಸ್ಕೊಂಡೆ. ನೆಟ್ಟಗೆ ಬಂದ ದಿನ ಬ್ಯಾಡ ಅಂತೀರಲ್ಲ?'

'ಪ್ಲೇಟಲ್ಲಿ ಇದ್ದ ಹಾಗೆ ಬರಬೇಕು ಅಂತ ತಲೆ ತಿಂದೋರು ನೀವೇ ಅಲ್ವೇನ್ರೀ?' ಎಂದ ರುದ್ರಸ್ವಾಮಿ. 'ಪ್ಲೇಟಲ್ಲಿ ಇದೆ ತಾನೆ?'

ಇದೇ ಹೊತ್ತು. ಈಗ ಹೇಳಬೇಕು. ಎಲ್ಲರೂ ಇವನ ಬಾಯಿಯನ್ನೇ ನೋಡುತ್ತಿದ್ದಾರೆ, ಹುಚ್ಚಯ್ಯನ ಹಣೆಯ ಮೇಲೆ ಬೆವರು ಇಳಿಯುತ್ತಿದೆ, ಅಂಗಿಯ ತೋಳಿನಲ್ಲಿ ಮರದ ಹೊಟ್ಟು. ಪ್ಲೇಟಿಗೆ ಗೀರು ಬಿದ್ದಿತ್ತು. ಮೂರೇ ಮಾತು. ನಂಜುಂಡಸ್ವಾಮಿ ಬಾಯಿ ತೆರೆದ; 'ಇದೆ' ಎಂದ; 'ಸರಿ, ನಿಮ್ಮಿಷ್ಟ' ಎಂದು ಜಮಖಾನ ಬಿಚ್ಚತೊಡಗಿದ. ಹುಚ್ಚಯ್ಯ ಬಂದು ಗಂಟು ಬಿಚ್ಚಲು ಕೈಗೂಡಿಸಿದ. 'ಕೋಪ ಮಾಡ್ಕೋಬೇಡಿ ಸಾರ್, ನೀವು ಅವತ್ತು ಚಪ್ಪಾಳೆ ತಟ್ಟಿಸ್ದೆ ಇದ್ದಿದ್ರೆ ನಂಗೆ ಈ ಜಲ್ಮದಲ್ಲಿ ಬತ್ತಿರಲಿಲ್ಲ' ಎಂದ, ನಿಜವಾಗಿ ಹೇಳಿದ, ವ್ಯಂಗ್ಯದ ಸುಳಿವೂ ಇಲ್ಲದೆ. ಅದನ್ನು ಕೇಳಿ ನಂಜುಂಡಸ್ವಾಮಿಗೆ ಅವನನ್ನು ಕಂಡರೆ ಅಸಹ್ಯವಾಯಿತು. ಇಷ್ಟು ಮೂರ್ಖನಾಗಿ ಒಬ್ಬ ಮನುಷ್ಯ ಹೇಗೆ ಬದುಕುತ್ತಾನೆ? ತನಗೆ ಗೊತ್ತಿದ್ದ ಸರಿಯನ್ನು ಬಿಟ್ಟು, ಇನ್ನೊಬ್ಬನ ತಪ್ಪನ್ನು ಬೆವರು ಸುರಿಸಿ ಕಲಿತು, ಮೇಲೆ ಕೃತಜ್ಞತೆ ಬೇರೆ!

ಐದೂವರೆಗೆ ಪೆಂಡಾಲಿನಲ್ಲಿ ಬೆಳಕು ಇನ್ನೂ ಚೆನ್ನಾಗಿತ್ತು. ಹಲಗೆಯ ಸ್ಟೇಜು, ಮೂಲೆಯಲ್ಲಿ ದೊಡ್ಡ ಹೊಟ್ಟೆಯ ಗಣಪ, ಎದುರಿಗೆ ಬೀದಿಯ ತುಂಬ ಜನ. ಮುಂದುಗಡೆ ಕಾಲೇಜು ಹುಡುಗರ ಒಂದು ತಂಡ, ಕೂದಲು ತಿದ್ದಿಕೊಂಡು, ಪ್ರತಿ ಹಾಡನ್ನೂ ರುದ್ರಸ್ವಾಮಿಗಿಂತ ಮೊದಲೇ ತಾವು ಹಾಡುತ್ತ. ಆ ಹಿಂದಿ ಹಾಡು ಶುರುವಾದಾಗ ಹುಡುಗರು ಹೋ ಎಂದು ಎದ್ದರು, ಲಯಕ್ಕೆ ಚಪ್ಪಾಳೆ ಹಿಡಿದರು, ಹಿಂದಿನವರೂ ಸೇರಿಕೊಂಡರು. ಇಡೀ ಬೀದಿ ತಾಳ ಹಾಕುತ್ತಿತ್ತು. ಬಿಟ್ಟು ಬಂತು. ಬೆರಳು ಹತ್ತಿದವು, ಹತ್ತಿದವು, ಟಕ್, ಅವನೂ ಹುಚ್ಚಯ್ಯನೂ ಒಂದೇ ಪ್ರಾಣವೆಂಬಂತೆ ಎಗರಿದರು. ಚಪ್ಪಾಳೆ ಎಗರಲಿಲ್ಲ. ಮುನ್ನೂರು ಜನರ ಕೈ ಗಾಳಿಯಲ್ಲಿ ಉಳಿದು, ಚೆಲ್ಲಾಪಿಲ್ಲಿಯಾಗಿ, ಸೀಟಿ, ಕೂಗು, ನಗು ಎದ್ದು, ರುದ್ರಸ್ವಾಮಿ ಚರಣವನ್ನು ಎಲ್ಲಿ ಹಿಡಿಯಬೇಕೋ ತಿಳಿಯದೆ ಮೈಕಿನ ಮುಂದೆ ಬಾಯಿ ಬಿಟ್ಟುಕೊಂಡು ನಿಂತ. ಎಲ್ಲ ನಿಂತಿತು. ತಾಳ ತಪ್ಪಿದರೆ ಜನ ಯಾರ ಕಡೆ ನೋಡುತ್ತಾರೆ? 'ಏಯ್ ಡ್ರಮ್ಮು! ನಿದ್ದೆ ಹೊಡೀತಿದ್ದೀಯೇನೋ?' ಎಂದು ಒಬ್ಬ ಹುಡುಗ ಕೂಗಿದ.

ಹುಚ್ಚಯ್ಯ ಒಂದಿಷ್ಟೂ ಹೆದರಲಿಲ್ಲ. ತನ್ನ ಮುಂದಿದ್ದ ಮೈಕಿಗೆ ಬಗ್ಗಿ, ತಿಳಿಯದ ಮಕ್ಕಳಿಗೆ ಹೇಳುವವನ ಹಾಗೆ ನಗುನಗುತ್ತ, 'ಪ್ಲೇಟಲ್ಲಿ ಅಂಗೇ ಐತೆ ಕಣ್ರಪ್ಪ. ನಮ್ ಸಾರ್ನ ಕೇಳಿ' ಎಂದ.

ಮುನ್ನೂರು ಮುಖಗಳು ನಂಜುಂಡಸ್ವಾಮಿಯ ಕಡೆ ತಿರುಗಿದವು. ರುದ್ರಸ್ವಾಮಿ, 'ಹೇಳ್ರೀ' ಎಂದ. ಹುಚ್ಚಯ್ಯ ನಗುತ್ತಲೇ ಕಾಯುತ್ತಿದ್ದ, ಹೆಮ್ಮೆಯಿಂದ, ತನ್ನ ಪರವಾಗಿ ಸಾಕ್ಷಿ ಹೇಳುವವನನ್ನು ಕಾಯುವ ಹಾಗೆ.

'ಪ್ಲೇಟಿನಲ್ಲಿ ಹಾಗಿಲ್ಲ' ಎಂದ ನಂಜುಂಡಸ್ವಾಮಿ. 'ಎಷ್ಟು ಹೇಳಿಕೊಟ್ಟರೂ ಇವನಿಗೆ ಹತ್ತೋದೇ ಇಲ್ಲ.' ಎರಡೂ ಮಾತಿನಲ್ಲಿ ಹ ಸ್ಪಷ್ಟವಾಗಿ, ಅಚ್ಚುಕಟ್ಟಾಗಿ ಬಂದಿತ್ತು. ಅದನ್ನು ಅವನು ಆ ಹೊತ್ತಿನಲ್ಲೂ ಗಮನಿಸಿದ.

ಜನ ನಕ್ಕರು. ಹುಚ್ಚಯ್ಯನ ನಗು ಮಾತ್ರ ಇಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅವನು ಇವನನ್ನು ನೋಡಿದ. ಸಿಟ್ಟಿಲ್ಲ, ಕೊಯ್ಯುವುದಕ್ಕೆ ಬಂದ ದಿಮ್ಮಿ ಒಳಗೆ ಟೊಳ್ಳೋ ಗಟ್ಟಿಯೋ ಎಂದು ತಟ್ಟಿ ನೋಡುವವನ ನೋಟ. ಆಮೇಲೆ ಕೋಲುಗಳನ್ನು ಪಂಚೆಗೆ ಒರೆಸಿಕೊಂಡು, 'ಅಂಗಾದ್ರೆ ನೆಟ್ಟಗೆ ಬಾರಿಸ್ಲಾ?' ಎಂದು ಕೇಳಿದ. ಸಾರ್ ಅನ್ನಲಿಲ್ಲ.

'ಬಾರಿಸು' ಎಂದ ನಂಜುಂಡಸ್ವಾಮಿ.

ರುದ್ರಸ್ವಾಮಿ ಮೈಕಿನಲ್ಲಿ ಕ್ಷಮೆ ಕೇಳಿ ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡ. ಹುಡುಗರು ಮತ್ತೆ ಚಪ್ಪಾಳೆ ಹಿಡಿದರು, ಈ ಸಲ ಕೀಟಲೆಗೆ ಇನ್ನೂ ಜೋರಾಗಿ, ಆ ಜಾಗ ಬರಲೆಂದೇ ಕಾಯುತ್ತ. ಮೊದಲ ಚರಣ ಹೋಯಿತು. ನಿಲ್ಲು, ಎಂದು ನಂಜುಂಡಸ್ವಾಮಿ ಬೆರಳುಗಳಿಗೆ ಹೇಳಿದ. ಬೇಡಿಕೊಂಡ. ನಾಲ್ಕು ತುಂಬಿಸು, ನನ್ನಪ್ಪ, ಇದೊಂದು ಸಲ. ಸ್ವರಗಳು ಹತ್ತಿದವು, ಹತ್ತಿದವು, ಮೇಲೆ ಮುಟ್ಟಿದವು, ಮತ್ತು ಅವನ ಬೆರಳುಗಳು ಎಂಟು ಭಾನುವಾರ ಕಲಿತದ್ದನ್ನು ಕಲಿತ ಹಾಗೇ, ಪ್ಲೇಟಿನಲ್ಲಿ ಇದ್ದ ಹಾಗೇ ಎಗರಿದವು. ಈ ಸಲ ಜೊತೆಗೆ ಯಾರೂ ಎಗರಲಿಲ್ಲ. ಟಕ್ ಬರಲಿಲ್ಲ. ಗಿಟಾರೊಂದೇ ಬೆತ್ತಲೆಯಾಗಿ ನಾಲ್ಕು ಸ್ವರ ಮುಂದೆ ಓಡಿ, ಹಿಂದೆ ಯಾರೂ ಇಲ್ಲವೆಂದು ಕಂಡು ನಿಂತುಬಿಟ್ಟಿತು. ಅವನ ಬಲಗೈ ತಂತಿಯ ಮೇಲೆ ಎತ್ತಿದ್ದು ಎತ್ತಿದಂತೇ ಉಳಿಯಿತು. ಕೆಳಗೆ ಬೀದಿಗೆ ಬೀದಿಯೇ ಒಂದೇ ಸಮನೆ ಚಪ್ಪಾಳೆ ತಟ್ಟುತ್ತಿತ್ತು, ಪಕ್ಕದಲ್ಲಿ ಡ್ರಮ್ಮು ನೆಟ್ಟಗೆ, ಸರಾಗವಾಗಿ ನಡೆಯುತ್ತಿತ್ತು, ಎಲ್ಲರೂ ತಾಳದಲ್ಲಿದ್ದರು. ಎಲ್ಲರೂ ಈಗ ಇವನನ್ನೇ ನೋಡುತ್ತಿದ್ದರು. ಅವನಿಗೆ ಎಲ್ಲಿ ಸೇರಿಕೊಳ್ಳಬೇಕೆಂದು ತಿಳಿಯಲಿಲ್ಲ. ಎಣಿಸಹೋದ, ಎಣಿಕೆಯೇ ಮರೆತಿತ್ತು.

ಹುಚ್ಚಯ್ಯ ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ. ಮುಂದಿನ ಸಾಲು ಶುರುವಾಗುವ ಜಾಗ ಬಂದಾಗ, ಮಗುವನ್ನು ರಸ್ತೆ ದಾಟಿಸುವವನ ದನಿಯಲ್ಲಿ, ತನ್ನ ಮೈಕಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ಹೇಳಿದ:

'ಈಗ ಬನ್ನಿ ಸಾರ್.'

ನಂಜುಂಡಸ್ವಾಮಿ ಬಂದ.